ಹಳೆಯ ಕಲ್ಲುಕಟ್ಟಡವೋ, ಹೊಸ ಗಾಜಿನ ಗೋಪುರವೋ: ಕಿರು ಬಿಡುವಿನಲ್ಲಿ ಎರಡು ಐಷಾರಾಮಿ ಹೋಟೆಲುಗಳು

ದೊಡ್ಡ ನಗರವೊಂದಕ್ಕೆ ಎರಡು ಮೂರು ರಾತ್ರಿಗಳ ಬಿಡುವಿಗೆಂದು ಹೊರಟು, ಈ ಸಲವಾದರೂ ಒಳ್ಳೆಯ ಹೋಟೆಲಿನಲ್ಲಿ ಉಳಿಯೋಣ ಎಂದು ನಿರ್ಧರಿಸಿದವರ ಮುಂದೆ ಸಾಮಾನ್ಯವಾಗಿ ಎರಡು ಬಗೆಯ ಹೋಟೆಲುಗಳು ಬಂದು ನಿಲ್ಲುತ್ತವೆ. ಒಂದು, ಊರಿನ ಹಳೆಯ ನಡುಭಾಗದಲ್ಲಿ ನೂರು ವರ್ಷಕ್ಕೂ ಮೇಲ್ಪಟ್ಟು ನಿಂತಿರುವ, ಎತ್ತರದ ಕಿಟಕಿಗಳ, ಅಗಲವಾದ ಕಲ್ಲಿನ ಮೆಟ್ಟಿಲುಗಳ ಹೋಟೆಲು. ಇನ್ನೊಂದು, ಕಚೇರಿಗಳ ನಡುವೆ ಇತ್ತೀಚೆಗೆ ಎದ್ದ ಗಾಜಿನ ಗೋಪುರದ ಮೇಲಿನ ಮಹಡಿಗಳಲ್ಲಿರುವ ಹೋಟೆಲು. ಒಂದೇ ಬಿಡುವಿನಲ್ಲಿ ಈ ಎರಡರಲ್ಲೂ ತಂಗಿ ಹೋಲಿಸಿ ನೋಡುವ ಅವಕಾಶ ನಮ್ಮಿಬ್ಬರಿಗೆ, ಎಂದರೆ ನನಗೂ ನನ್ನ ಪತ್ನಿಗೂ, ದೊರೆಯಿತು. ಎರಡಕ್ಕೂ ಐದು ನಕ್ಷತ್ರಗಳ ಮಾನ್ಯತೆಯಿತ್ತು, ದರವೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಇಲ್ಲಿ ಹೇಳುವ ಮಾತುಗಳಲ್ಲಿ ಹೆಚ್ಚಿನವು ಆಯಾ ಬಗೆಯ ಹೋಟೆಲುಗಳಿಗೆಲ್ಲ ಅನ್ವಯಿಸುವುದರಿಂದ ಹೆಸರುಗಳನ್ನು ಬಿಟ್ಟು, ಒಂದನ್ನು ಹಳೆಯ ಹೋಟೆಲು ಎಂದೂ ಇನ್ನೊಂದನ್ನು ಗೋಪುರ ಎಂದೂ ಕರೆಯುತ್ತೇನೆ.

ನಕ್ಷತ್ರಗಳ ಬಗ್ಗೆ ಮೊದಲೇ ಒಂದು ಮಾತು ಹೇಳಬೇಕು. ಇಡೀ ಜಗತ್ತಿಗೆ ಒಪ್ಪಿತವಾದ ಒಂದೇ ನಕ್ಷತ್ರಮಾನ ಎಂಬುದು ಇಲ್ಲ. ಯುರೋಪಿನ ಕೆಲವು ದೇಶಗಳು 2009ರಲ್ಲಿ ಹೋಟೆಲ್‌ಸ್ಟಾರ್ಸ್ ಯೂನಿಯನ್ ಎಂಬ ಒಕ್ಕೂಟ ಕಟ್ಟಿಕೊಂಡು ಸಮಾನ ನಿಯಮಗಳನ್ನು ರೂಪಿಸಿಕೊಂಡಿವೆ. ಉಳಿದ ಕಡೆಗಳಲ್ಲಿ ಕೆಲವೆಡೆ ಸರ್ಕಾರ, ಕೆಲವೆಡೆ ಉದ್ಯಮದ ಸಂಘಗಳು, ಕೆಲವೆಡೆ ಖಾಸಗಿ ಮಾರ್ಗದರ್ಶಿಗಳು ತಂತಮ್ಮ ಅಳತೆಗೋಲುಗಳಿಂದ ನಕ್ಷತ್ರ ಕೊಡುತ್ತವೆ. ಆಗಾಗ ಕೇಳಿಬರುವ ಏಳು ನಕ್ಷತ್ರ ಎಂಬ ಮಾತಂತೂ ಪತ್ರಿಕೆಗಳಲ್ಲಿ ಹುಟ್ಟಿ ಬೆಳೆದದ್ದು, ಅಧಿಕೃತ ದರ್ಜೆಯಲ್ಲ. ಈ ಅಳತೆಗೋಲುಗಳು ಹೆಚ್ಚಾಗಿ ಎಣಿಸುವುದು ಸೌಕರ್ಯಗಳನ್ನು: ಲಿಫ್ಟ್ ಇದೆಯೇ, ರಿಸೆಪ್ಷನ್ನಿನಲ್ಲಿ ಎಷ್ಟು ಹೊತ್ತು ಸಿಬ್ಬಂದಿ ಇರುತ್ತಾರೆ, ಕೋಣೆಗೆ ಊಟ ತರಿಸಿಕೊಳ್ಳಬಹುದೇ ಎಂಬಂಥವನ್ನು. ಆ ಕೋಣೆಯಲ್ಲಿ ನಿದ್ದೆ ಹತ್ತುತ್ತದೆಯೇ ಎಂಬುದನ್ನು ನಕ್ಷತ್ರಗಳು ಹೇಳುವುದಿಲ್ಲ. ಕಿರು ಬಿಡುವಿಗೆ ಹೋದವರಿಗೆ ಬೇಕಾದದ್ದು ಮುಖ್ಯವಾಗಿ ಅದೇ.

ಏಕೆಂದರೆ ಕಿರು ಬಿಡುವಿನಲ್ಲಿ ನಾವು ಹಣಕ್ಕಿಂತ ಹೆಚ್ಚು ಎಚ್ಚರದಿಂದ ಖರ್ಚು ಮಾಡಬೇಕಾದದ್ದು ಹೊತ್ತನ್ನು. ಬಹುತೇಕ ಹೋಟೆಲುಗಳಲ್ಲಿ ಕೋಣೆ ಸಿಗುವುದು ಮಧ್ಯಾಹ್ನ 3ಕ್ಕೆ, ಬಿಟ್ಟುಕೊಡಬೇಕಾದದ್ದು ಮರುದಿನ 12ರ ಒಳಗೆ. ಒಂದು ದಿನದ ಬಾಡಿಗೆ ಎಂದು ನಾವು ತೆರುವುದು ವಾಸ್ತವದಲ್ಲಿ 21 ಗಂಟೆಗಳ ಬಾಡಿಗೆ. ಎರಡು ರಾತ್ರಿಯ ವಾಸವೆಂದರೆ 45 ಗಂಟೆ. ಅದರಲ್ಲಿ 16 ಗಂಟೆ ನಿದ್ದೆಗೆ ಹೋದರೆ ಉಳಿಯುವುದು 29. ಹತ್ತು ದಿನದ ಪ್ರವಾಸದಲ್ಲಿ ರಿಸೆಪ್ಷನ್ನಿನ ಮುಂದೆ ಅರ್ಧ ಗಂಟೆ ನಿಲ್ಲುವುದು ಲೆಕ್ಕಕ್ಕೆ ಬಾರದ ಸಂಗತಿ, ಇಲ್ಲಿ ಹಾಗಲ್ಲ. ಆದ್ದರಿಂದ ನಾನು ಎರಡೂ ಹೋಟೆಲುಗಳನ್ನು ತೂಗಿದ್ದು ಒಂದೇ ಪ್ರಶ್ನೆಯಿಂದ: ಇದು ನಮ್ಮ ಹೊತ್ತನ್ನು ನಮಗೆ ಉಳಿಸಿಕೊಟ್ಟಿತೇ, ತಾನೇ ನುಂಗಿಹಾಕಿತೇ?

ಬಂದಿಳಿದ ಗಳಿಗೆಯಲ್ಲೇ ವ್ಯತ್ಯಾಸ ಕಾಣಿಸಿತು. ಹಳೆಯ ಹೋಟೆಲಿಗೆ ನಾವು ತಲುಪಿದ್ದು ಬೆಳಗಿನ ಹೊತ್ತಿಗೆ, ಕೋಣೆ ಸಿದ್ಧವಾಗಲು ಇನ್ನೂ ಗಂಟೆಗಳಿದ್ದವು. ರಿಸೆಪ್ಷನ್ನಿನಲ್ಲಿದ್ದ ಹಿರಿಯರೊಬ್ಬರು ಕೋಣೆ ಸಿದ್ಧವಿಲ್ಲ ಎಂಬ ಮಾತನ್ನು ಹೇಳುವ ಮೊದಲೇ ನಮ್ಮ ಚೀಲಗಳನ್ನು ಒಳಗಿರಿಸಿಕೊಂಡು, ಈಜುಕೊಳದ ಪಕ್ಕದ ಸ್ನಾನದ ಕೋಣೆಗಳನ್ನು ಬಳಸಬಹುದೆಂದು ತಿಳಿಸಿ, ಒಂದು ಜೊತೆ ಟವೆಲ್ಲುಗಳನ್ನು ಕೈಗಿತ್ತರು. ಗುರುತಿನ ಚೀಟಿ ನೋಡುವ, ಸಹಿ ಹಾಕಿಸುವ ಕೆಲಸವನ್ನೆಲ್ಲ ಆಗಲೇ ಮುಗಿಸಿಬಿಟ್ಟರು. ನಾವು ಸ್ನಾನ ಮಾಡಿ ಊರು ಸುತ್ತಲು ಹೊರಟೆವು. ಸಂಜೆ ಹಿಂತಿರುಗಿದಾಗ ಚೀಲಗಳು ಕೋಣೆಯಲ್ಲಿದ್ದವು, ಕೀಲಿಯನ್ನು ಕೈಗೆ ಪಡೆದು ನೇರವಾಗಿ ಮೇಲೆ ಹೋದೆವು. ಅರ್ಧ ದಿನ ಉಳಿಯಿತು.

ಗೋಪುರದಲ್ಲಿ ಎಲ್ಲವೂ ಫೋನಿನಲ್ಲೇ ಮುಗಿಯುವ ವ್ಯವಸ್ಥೆ. ಹಿಂದಿನ ದಿನವೇ ಆ್ಯಪ್ ಇಳಿಸಿಕೊಂಡು, ಗುರುತಿನ ಚೀಟಿಯ ಚಿತ್ರ ಕಳಿಸಿದರೆ, ಕೋಣೆ ಸಿದ್ಧವಾದ ಕೂಡಲೇ ಕೀಲಿ ಫೋನಿಗೇ ಬರುತ್ತದೆ, ಸಾಲಿನಲ್ಲಿ ನಿಲ್ಲುವ ಅಗತ್ಯವಿಲ್ಲ. ಯೋಚನೆ ನಿಜವಾಗಿಯೂ ಒಳ್ಳೆಯದು, ರಾತ್ರಿ ತಡವಾಗಿ ಬಂದಿಳಿಯುವವರಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಆದರೆ ಗುರುತಿನ ಚೀಟಿಯ ಮೂಲಪ್ರತಿಯನ್ನು ಕಣ್ಣಾರೆ ನೋಡಬೇಕೆಂಬ ನಿಯಮ ಅನೇಕ ಕಡೆ ಇರುವುದರಿಂದ ರಿಸೆಪ್ಷನ್ನಿಗೆ ಹೋಗುವುದು ತಪ್ಪಲಿಲ್ಲ, ಮತ್ತು ಕೋಣೆ ಸಿಕ್ಕಿದ್ದು ಗಡಿಯಾರ ನೋಡಿ ಸರಿಯಾಗಿ 3ಕ್ಕೆ. ಸ್ವಲ್ಪ ಮುಂಚೆ ಸಿಗಬಹುದೇ ಎಂದು ಕೇಳಿದಾಗ, ಹೆಚ್ಚುವರಿ ಹಣ ಕೊಟ್ಟರೆ ಸಾಧ್ಯ ಎಂಬ ಉತ್ತರ ಪರದೆಯ ಮೇಲೆ ಮೂಡಿತು.

ಇನ್ನೊಂದು ಸಂಗತಿ ಗೋಪುರಗಳಲ್ಲಿ ಉಳಿಯದವರಿಗೆ ಮೊದಲೇ ಹೊಳೆಯುವುದಿಲ್ಲ. ಇಂಥ ಹೋಟೆಲುಗಳ ರಿಸೆಪ್ಷನ್ ಅನೇಕ ಸಲ ನೆಲಮಹಡಿಯಲ್ಲಿರದೆ ಬಹಳ ಮೇಲಿನ ಮಹಡಿಯಲ್ಲಿರುತ್ತದೆ. ಬೀದಿಯಿಂದ ಅಲ್ಲಿಗೆ ಒಂದು ಲಿಫ್ಟು, ಅಲ್ಲಿಂದ ಕೋಣೆಗೆ ಇನ್ನೊಂದು. ಎತ್ತರದ ನೋಟವನ್ನು ಬಂದವರಿಗೆಲ್ಲ ತೋರಿಸುವ ಆಸೆಯಿಂದ ಹೀಗೆ ಕಟ್ಟುತ್ತಾರೆ, ಕೆಳಗಿನ ಮಹಡಿಗಳನ್ನು ಕಚೇರಿಗಳಿಗೆ ಬಾಡಿಗೆಗೆ ಕೊಡುವ ಲೆಕ್ಕವೂ ಇರುತ್ತದೆ. ಹೋಟೆಲಿನ ಒಳಾವರಣವನ್ನೇ ನೋಡತಕ್ಕ ದೃಶ್ಯವಾಗಿಸುವ ಈ ಒಲವಿಗೆ ದೊಡ್ಡ ಬಲ ಬಂದದ್ದು 1967ರಲ್ಲಿ, ವಾಸ್ತುಶಿಲ್ಪಿ ಜಾನ್ ಪೋರ್ಟ್‌ಮನ್ ಅಟ್ಲಾಂಟದ ಹಯಾಟ್ ರೀಜೆನ್ಸಿಯಲ್ಲಿ 22 ಮಹಡಿಗಳೆತ್ತರದ ತೆರೆದ ಒಳಾಂಗಣವನ್ನೂ ಅದರೊಳಗೆ ಏರಿಳಿಯುವ ಗಾಜಿನ ಲಿಫ್ಟುಗಳನ್ನೂ ಕಟ್ಟಿದಾಗ. ನೋಡಲು ಸೊಗಸಾದದ್ದು ನಿಜ. ಆದರೆ ಕೊಡೆ ಮರೆತು ಕೆಳಗಿಳಿದವರು ಮತ್ತೆ ಎರಡು ಲಿಫ್ಟು ಹತ್ತಿ, ಎರಡು ಲಿಫ್ಟು ಇಳಿಯಬೇಕು. ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಹೊರಡುವ ಹೊತ್ತಿನಲ್ಲಿ ಕೋಣೆಯಿಂದ ಬೀದಿಗೆ ಬರುವುದೇ ಒಂದು ಸಣ್ಣ ಪ್ರಯಾಣವಾಗುತ್ತಿತ್ತು. ಹಳೆಯ ಹೋಟೆಲಿನ ಲಿಫ್ಟು ಇದಕ್ಕಿಂತ ನಿಧಾನ, ಇಕ್ಕಟ್ಟು ಕೂಡ. ಆದರೆ ಅಲ್ಲಿ ಮೆಟ್ಟಿಲುಗಳಿದ್ದವು. ಮೂರನೆಯ ಮಹಡಿಯಿಂದ ಬೀದಿಗೆ ನಡೆದೇ ಇಳಿಯುತ್ತಿದ್ದೆವು, ಬಾಗಿಲು ದಾಟಿದರೆ ಊರು.

ಇನ್ನು ನಿದ್ದೆಯ ವಿಚಾರ. ಇದರಲ್ಲಿ ಗೋಪುರ ಮುಂದಿದೆ ಎಂಬುದನ್ನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ, ಒಳ್ಳೆಯ ನಿದ್ದೆಗೆ ಮಲಗುವ ಕೋಣೆಯೊಳಗೆ ರಾತ್ರಿಯ ಸರಾಸರಿ ಸದ್ದು 30 ಡೆಸಿಬೆಲ್ ಮೀರಬಾರದು, ನಡುನಡುವೆ ಏಳುವ ಬಿಡಿಬಿಡಿ ಸದ್ದುಗಳು 45 ದಾಟಬಾರದು. ಡೆಸಿಬೆಲ್ ಲೆಕ್ಕದಲ್ಲಿ ಹತ್ತು ಹೆಚ್ಚಾದರೆ ಕಿವಿಗೆ ಸದ್ದು ಸುಮಾರು ಇಮ್ಮಡಿಯಾದಂತೆ ಕೇಳುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಈ ಸಂಖ್ಯೆಗಳ ತೂಕ ತಿಳಿಯುತ್ತದೆ. ಗೋಪುರದ ಕಿಟಕಿಗಳು ತೆರೆಯದಂತೆ ಬಿಗಿದ, ಪದರಪದರದ ದಪ್ಪ ಗಾಜಿನವು. ಅಷ್ಟು ಎತ್ತರದಲ್ಲಿ ಬೀದಿಯ ಸದ್ದು ಮೊದಲೇ ಸೊರಗಿರುತ್ತದೆ, ಉಳಿದದ್ದನ್ನು ಗಾಜು ತಡೆಯುತ್ತದೆ. ಪರದೆ ಎಳೆದರೆ ಕತ್ತಲೆ ಎಂದರೆ ಕತ್ತಲೆ, ಅಂಚುಗಳಲ್ಲಿ ಕೂಡ ಬೆಳಕಿನ ಗೆರೆಯಿಲ್ಲ. ಪರದೆಯ ಎರಡೂ ಬದಿಗೆ ಗೋಡೆಗೆ ಸೇರಿಸಿ ಮಾಡಿದ ತೋಡಿನೊಳಗೆ ಬಟ್ಟೆ ಜಾರುವಂತೆ ಮಾಡಿದ್ದರು. ಇದನ್ನು ಯೋಚಿಸಿದವರು ಹೋಟೆಲ್ ಕೋಣೆಯಲ್ಲಿ ಬೆಳಗಿನ ಬೆಳಕಿಗೆ ಎಚ್ಚರಗೊಂಡ ಅನುಭವವಿದ್ದವರೇ ಇರಬೇಕು.

ಹಾಸಿಗೆಯೂ ಅಷ್ಟೇ ಚೆನ್ನಾಗಿತ್ತು. ಐಷಾರಾಮಿ ಹೋಟೆಲೆಂದರೆ ಬೆಳ್ಳಗಿನ ಹಾಸಿಗೆ ಎಂಬುದು ಈಗ ಎಲ್ಲರಿಗೂ ರೂಢಿ. 1999ರಲ್ಲಿ ವೆಸ್ಟಿನ್ ಹೋಟೆಲುಗಳು ಹೆವನ್ಲಿ ಬೆಡ್ ಎಂಬ ಹೆಸರಿನಲ್ಲಿ ತಮ್ಮ ಬಿಳಿಯ ಹಾಸಿಗೆಯನ್ನೇ ಮುಂದಿಟ್ಟು ಪ್ರಚಾರ ಮಾಡಿದ ಮೇಲೆ ಅದು ಇನ್ನಷ್ಟು ಹಬ್ಬಿತು. ಹೊದಿಕೆಯ ಬಟ್ಟೆಯ ವಿಷಯದಲ್ಲಿ ನೂಲಿನ ಎಣಿಕೆ, ಎಂದರೆ ಒಂದು ಚದರ ಅಂಗುಲ ಬಟ್ಟೆಯಲ್ಲಿರುವ ಎಳೆಗಳ ಸಂಖ್ಯೆ, ಎಷ್ಟೆಂದು ಹೊಗಳಿಕೊಳ್ಳುವುದುಂಟು, ಆದರೆ ಆ ಎಣಿಕೆ ಒಂದು ಮಟ್ಟ ದಾಟಿದರೆ ಹೆಚ್ಚಾಗಿ ಹಲವು ಎಳೆ ಹೊಸೆದ ನೂಲನ್ನು ಹಲವು ಸಲ ಎಣಿಸಿದ ಫಲವಾಗಿರುತ್ತದೆ. ಮೈಗೆ ತಿಳಿಯುವುದು ನೇಯ್ಗೆ. ಒಂದು ಎಳೆ ಮೇಲೆ, ಒಂದು ಎಳೆ ಕೆಳಗೆ ಹೋಗುವ ಪರ್ಕೇಲ್ ನೇಯ್ಗೆಯ ಬಟ್ಟೆ ಗರಿಗರಿಯಾಗಿ ತಂಪಾಗಿರುತ್ತದೆ. ಎಳೆಗಳು ಹೆಚ್ಚು ದೂರ ಮೇಲೆಯೇ ಹಾಯುವ ಸ್ಯಾಟೀನ್ ನೇಯ್ಗೆ ನುಣುಪು, ಹೊಳಪು, ಕೊಂಚ ಬೆಚ್ಚಗೆ. ಗೋಪುರದವರು ಹಾಸಿದ್ದು ಪರ್ಕೇಲ್, ಹಳೆಯ ಹೋಟೆಲಿನವರು ಸ್ಯಾಟೀನ್. ನನಗೆ ಮೊದಲನೆಯದೇ ಹಿಡಿಸಿತು, ನನ್ನ ಪತ್ನಿಗೆ ಎರಡನೆಯದು.

ಹಳೆಯ ಹೋಟೆಲಿನಲ್ಲಿ ಮೊದಲ ರಾತ್ರಿ ನಮಗೆ ಸಿಕ್ಕ ಕೋಣೆ ಬೀದಿಯ ಕಡೆಗಿತ್ತು. ಎತ್ತರದ ಮರದ ಕಿಟಕಿಗಳು, ಹೊರಗೆ ಸಣ್ಣ ಬಾಲ್ಕನಿ, ಚೌಕದ ನೋಟ: ಹೋಟೆಲಿನ ಚಿತ್ರಗಳಲ್ಲಿ ತೋರಿಸುವ ಕೋಣೆ ಇದೇ, ಹೆಚ್ಚು ದುಡ್ಡು ಪಡೆಯುವುದೂ ಇದಕ್ಕೇ. ಆದರೆ ಗಾಳಿ ನುಸುಳುವ ಸಂದಿನಲ್ಲೆಲ್ಲ ಸದ್ದೂ ನುಸುಳುತ್ತದೆ. ಒಳಗಡೆಗೆ ಎರಡನೆಯ ಗಾಜಿನ ಚೌಕಟ್ಟನ್ನು ಜೋಡಿಸಿದ್ದರೂ ಮರ ಹಳತಾಗಿ ಬಾಗಿದ್ದರಿಂದ ಅದು ಬಿಗಿಯಾಗಿ ಕೂರುತ್ತಿರಲಿಲ್ಲ. ನಸುಕಿನಲ್ಲಿ ಅಂಗಡಿಗಳಿಗೆ ಸರಕು ತರುವ ಲಾರಿಗಳು ಹಿಂದೆ ಸರಿಯುವಾಗ ಮಾಡುವ ಎಚ್ಚರಿಕೆಯ ಸದ್ದು, ಖಾಲಿ ಬಾಟಲಿಗಳ ತೊಟ್ಟಿಯನ್ನು ಬರಿದು ಮಾಡುವ ಸದ್ದು ದಿಂಬಿನ ಪಕ್ಕದಲ್ಲೇ ಕೇಳಿಸಿದವು. ಬೆಳಿಗ್ಗೆ ಇದನ್ನು ತಿಳಿಸಿದಾಗ ಯಾವ ವಾದವೂ ಇಲ್ಲದೆ ಹಿಂಬದಿಯ, ಒಳ ಅಂಗಳದ ಕಡೆಗಿನ ಕೋಣೆಗೆ ಬದಲಾಯಿಸಿಕೊಟ್ಟರು. ಆ ಕೋಣೆಗೆ ನೋಟವಿಲ್ಲ, ಎದುರಿಗೆ ಗೋಡೆ, ಕೆಳಗೆ ಕುಂಡಗಳ ಅಂಗಳ. ನೋಟದ ಕೋಣೆಗಿಂತ ದರ ಕಡಿಮೆ. ಮತ್ತು ನಿಶ್ಶಬ್ದ. ಕಿಟಕಿ ತೆರೆದಿಟ್ಟೇ ಮಲಗಬಹುದಿತ್ತು. ಗೋಪುರದಲ್ಲಿ ಎಷ್ಟು ದುಡ್ಡು ಕೊಟ್ಟರೂ ಸಿಗದ ಸುಖ ಅದು.

ಗೋಪುರದ ಕೋಣೆಯ ನಿದ್ದೆಯನ್ನು ಕೆಡಿಸಿದ್ದು ಅದರ ಜಾಣತನವೇ. ಕೋಣೆಯಲ್ಲಿ ಯಾರಾದರೂ ಓಡಾಡುತ್ತಿದ್ದಾರೆಯೇ ಎಂದು ಗಮನಿಸುವ ಸಂವೇದಕವನ್ನು ಎಸಿಗೆ ಜೋಡಿಸಿರುತ್ತಾರೆ. ಚಲನೆ ಕಾಣದಿದ್ದರೆ ಕೋಣೆ ಖಾಲಿಯೆಂದು ಭಾವಿಸಿ ಅದು ತಂಪನ್ನು ತಗ್ಗಿಸುತ್ತದೆ. ವಿದ್ಯುತ್ ಉಳಿಸುವ ಉದ್ದೇಶ ಒಪ್ಪತಕ್ಕದ್ದೇ, ಆದರೆ ಗಾಢ ನಿದ್ದೆಯಲ್ಲಿರುವವರು ಓಡಾಡುವುದಿಲ್ಲ. ನಡುರಾತ್ರಿಯಲ್ಲಿ ಬೆವರಿ ಎಚ್ಚರವಾದಾಗ, ನಾನು 20 ಡಿಗ್ರಿಗೆ ಇಟ್ಟಿದ್ದ ಎಸಿ 24 ತೋರಿಸುತ್ತಿತ್ತು. ಸರಿಪಡಿಸಲು ಕೈಚಾಚಿದರೆ ಸ್ಪರ್ಶಫಲಕ ಬೆಳಗಿತು, ಅದರ ಬೆಳಕಿಗೆ ಪಕ್ಕದಲ್ಲಿದ್ದವರಿಗೂ ಎಚ್ಚರವಾಯಿತು. ದೀಪವಾರಿಸಲು, ಪರದೆ ಎಳೆಯಲು, ಯಾರೂ ಬರಬೇಡಿ ಎಂದು ಸೂಚಿಸಲು ಎಲ್ಲಕ್ಕೂ ಅದೊಂದೇ ಫಲಕ. ಅದರಲ್ಲಿ ಬೇಕಾದ ಗುರುತನ್ನು ಹುಡುಕುವುದು ಕತ್ತಲೆಯಲ್ಲಿ ಕನ್ನಡಕವಿಲ್ಲದವರಿಗೆ ಸಾಧ್ಯವೇ ಇಲ್ಲ. ಹಳೆಯ ಹೋಟೆಲಿನ ಮಂಚದ ಪಕ್ಕದಲ್ಲಿ ಹಿತ್ತಾಳೆಯ ಸ್ವಿಚ್ಚು ಇತ್ತು. ಕೈಗೆ ಸಿಗುತ್ತಿತ್ತು, ಒತ್ತಿದರೆ ದೀಪ ಆರುತ್ತಿತ್ತು. ಎಸಿಯ ವಿಚಾರದಲ್ಲಿ ಹಳೆಯ ಕಟ್ಟಡಗಳಿಗೂ ಅವುಗಳದೇ ಮಿತಿಯಿದೆ ಎಂಬುದನ್ನು ಹೇಳಬೇಕು: ಎರಡೇ ಕೊಳವೆಗಳ ವ್ಯವಸ್ಥೆಯಿದ್ದಲ್ಲಿ ಒಂದು ಕಾಲಕ್ಕೆ ಇಡೀ ಕಟ್ಟಡಕ್ಕೆ ತಣ್ಣೀರು ಹರಿಯುತ್ತದೆ, ಇಲ್ಲವೇ ಬಿಸಿನೀರು ಹರಿಯುತ್ತದೆ. ಋತು ಬದಲಾಗುವ ದಿನಗಳಲ್ಲಿ ಒಬ್ಬರಿಗೆ ತಂಪು, ಇನ್ನೊಬ್ಬರಿಗೆ ಬಿಸಿ ಬೇಕೆಂದರೆ ಆಗುವುದಿಲ್ಲ.

ನಿದ್ದೆಯ ಕುರಿತು ಇನ್ನೊಂದು ಮಾತು. ಹೊಸ ಜಾಗದಲ್ಲಿ ಮೊದಲ ರಾತ್ರಿ ನಿದ್ದೆ ಸರಿಯಾಗಿ ಹತ್ತದಿರುವುದು ಬರೀ ಅನಿಸಿಕೆಯಲ್ಲ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪರಿಚಿತ ಸ್ಥಳದ ಮೊದಲ ರಾತ್ರಿ ಮಿದುಳಿನ ಒಂದು ಅರ್ಧಗೋಳ ಇನ್ನೊಂದಕ್ಕಿಂತ ಕಡಿಮೆ ಗಾಢವಾಗಿ ನಿದ್ರಿಸಿ, ಹೊರಗಿನ ಸದ್ದುಗಳಿಗೆ ಹೆಚ್ಚು ಎಚ್ಚರವಾಗಿರುವುದು ಕಂಡುಬಂತು. ಹೋಟೆಲು ಎಷ್ಟೇ ಚೆನ್ನಾಗಿರಲಿ, ಮೊದಲ ರಾತ್ರಿಯ ಸ್ವಲ್ಪ ಭಾಗವನ್ನು ಹೀಗೆ ಕಳೆದುಕೊಂಡೇ ತೀರುತ್ತೇವೆ. ಆದ್ದರಿಂದಲೇ, ಹೋಲಿಕೆಗಾಗಿ ನಾವು ಮಾಡಿದಂತೆ ಬಿಡುವಿನ ನಡುವೆ ಹೋಟೆಲು ಬದಲಿಸುವುದನ್ನು ವಿಶ್ರಾಂತಿಗೆಂದು ಹೋಗುವವರಿಗೆ ನಾನು ಸೂಚಿಸುವುದಿಲ್ಲ. ಗಂಟು ಕಟ್ಟಿ ಬಿಚ್ಚುವ ಹೊತ್ತಿನ ಜೊತೆಗೆ ಇನ್ನೊಂದು ಮೊದಲ ರಾತ್ರಿಯೂ ಲೆಕ್ಕಕ್ಕೆ ಸೇರುತ್ತದೆ.

ಸ್ನಾನದ ಕೋಣೆಗಳ ಬಗ್ಗೆ ಬರೆಯುವಾಗ ಹೋಟೆಲುಗಳ ಇತಿಹಾಸ ತಾನಾಗಿ ನೆನಪಾಗುತ್ತದೆ, ಏಕೆಂದರೆ ಐಷಾರಾಮ ಎಂಬುದನ್ನು ಹೋಟೆಲುಗಳು ಮೊದಲು ಮಾರಿದ್ದು ನೀರಿನ ಮೂಲಕ. ಬಾಸ್ಟನ್ನಿನಲ್ಲಿ 1829ರಲ್ಲಿ ಆರಂಭವಾದ ಟ್ರೆಮಾಂಟ್ ಹೌಸ್ ಕಟ್ಟಡದೊಳಗೇ ನೀರಿನ ಕೊಳವೆ, ಬೀಗವಿರುವ ಪ್ರತ್ಯೇಕ ಕೋಣೆಗಳಿಂದ ಹೆಸರಾಯಿತು. ಲಂಡನ್ನಿನ ಸವಾಯ್ 1889ರಲ್ಲಿ ವಿದ್ಯುದ್ದೀಪ, ಲಿಫ್ಟುಗಳೊಂದಿಗೆ ತೆರೆಯಿತು. ಸೀಸರ್ ರಿಟ್ಜ್ 1898ರಲ್ಲಿ ಪ್ಯಾರಿಸ್ಸಿನಲ್ಲಿ ತನ್ನ ಹೋಟೆಲನ್ನು ತೆರೆದಾಗ, ತೊಳೆದು ಶುಚಿಯಾಗಿಡಲು ಅನುಕೂಲವೆಂದು ಗೋಡೆಗೆ ಕಾಗದ ಅಂಟಿಸುವ ಬದಲು ಬಣ್ಣ ಬಳಿಸಿದ. 1908ರಲ್ಲಿ ಬಫಲೋ ನಗರದಲ್ಲಿ ಎಲ್ಸ್‌ವರ್ತ್ ಸ್ಟ್ಯಾಟ್ಲರ್ ಸ್ವಂತ ಸ್ನಾನದ ಮನೆಯಿರುವ ಕೋಣೆಯನ್ನು ಒಂದೂವರೆ ಡಾಲರಿಗೆ ಕೊಟ್ಟಾಗ ಅದು ಸಿರಿವಂತರಲ್ಲದವರಿಗೂ ಎಟುಕಿತು; ಎರಡು ಕೋಣೆಗಳ ಸ್ನಾನದ ಮನೆಗಳನ್ನು ಬೆನ್ನಿಗೆ ಬೆನ್ನು ಸೇರಿಸಿ, ನಡುವೆ ಒಂದೇ ಕಂಡಿಯಲ್ಲಿ ಕೊಳವೆಗಳನ್ನು ಇಳಿಬಿಟ್ಟು ಅವನು ಖರ್ಚು ಉಳಿಸಿದ್ದ. ಇಂದು ನಾವು ಹಳೆಯದೆಂದು ಕರೆಯುವ ಭವ್ಯ ಹೋಟೆಲುಗಳೆಲ್ಲ ತಮ್ಮ ಕಾಲದ ಅತ್ಯಂತ ಹೊಸ ಯಂತ್ರಗಳನ್ನು ತೋರಿಸಿಯೇ ಅತಿಥಿಗಳನ್ನು ಸೆಳೆದವು. ಈಗಿನ ಗೋಪುರಗಳು ಮಾಡುತ್ತಿರುವುದೂ ಅದನ್ನೇ.

ನೂರು ವರ್ಷದ ನಂತರ ಆ ಹೊಸತು ಹೇಗಿರುತ್ತದೆ ಎಂಬುದು ಹಳೆಯ ಹೋಟೆಲಿನ ನಲ್ಲಿ ತಿರುಗಿಸಿದಾಗ ತಿಳಿಯಿತು. ಬಿಸಿನೀರು ಬರಲು ನಿಮಿಷಗಟ್ಟಲೆ ಕಾಯಬೇಕಿತ್ತು, ಪಕ್ಕದ ಕೋಣೆಯವರು ನೀರು ಬಿಟ್ಟರೆ ಗೋಡೆಯೊಳಗೆ ಕೊಳವೆ ನರಳುತ್ತಿತ್ತು. ಆದರೂ ಒಮ್ಮೆ ಬಂದ ಬಿಸಿನೀರು ಧಾರಾಳವಾಗಿತ್ತು. ದಪ್ಪ ಎನಾಮಲ್ಲಿನ ಆಳವಾದ ತೊಟ್ಟಿಯಲ್ಲಿ ದಿನವಿಡೀ ನಡೆದು ಬಂದ ಕಾಲುಗಳನ್ನು ಚಾಚಿ ಕೂರುವುದು ಸುಖವಾಗಿತ್ತು. ಗೋಪುರದಲ್ಲಿ ನೀರು ತಟ್ಟನೆ ಬಿಸಿಯಾಗಿ, ತಲೆಯ ಮೇಲಿಂದ ಮಳೆಯಂತೆ ಬೀಳುತ್ತಿತ್ತು. ಆದರೆ ಅಲ್ಲಿ ಸ್ನಾನದ ಕೋಣೆಗೂ ಮಲಗುವ ಕೋಣೆಗೂ ನಡುವೆ ಇದ್ದದ್ದು ಗಾಜಿನ ಗೋಡೆ. ಕೋಣೆ ವಿಶಾಲವಾಗಿ ಕಾಣಲೆಂದು ಹೀಗೆ ಮಾಡುತ್ತಾರೆ. ರಾತ್ರಿ ಒಬ್ಬರು ಎದ್ದು ದೀಪ ಹಾಕಿದರೆ ಅಷ್ಟು ಜತನದಿಂದ ಮಾಡಿದ ಕತ್ತಲೆಯೆಲ್ಲ ಒಂದೇ ಸಲಕ್ಕೆ ಹೋಗಿ, ಇನ್ನೊಬ್ಬರ ಮುಖದ ಮೇಲೆ ಬೆಳಕು ಬೀಳುತ್ತದೆ. ಅಡ್ಡಲಾಗಿ ಎಳೆಯಲು ಒಂದು ತೆಳುಪರದೆಯಿತ್ತು, ಅದರಿಂದ ಮರೆಯಾಗುತ್ತಿತ್ತೇ ಹೊರತು ಬೆಳಕು ನಿಲ್ಲುತ್ತಿರಲಿಲ್ಲ. ಇಬ್ಬರು ಒಂದೇ ಕೋಣೆಯಲ್ಲಿ ಮಲಗುವರೆಂಬುದನ್ನು ವಿನ್ಯಾಸಕಾರರು ಮರೆಯಬಾರದಿತ್ತು.

ಈಜುಕೊಳ, ವ್ಯಾಯಾಮಶಾಲೆ, ಮಸಾಜು ಇವುಗಳಲ್ಲಿ ಗೋಪುರಕ್ಕೆ ಹಳೆಯ ಹೋಟೆಲು ಸಾಟಿಯೇ ಅಲ್ಲ. ಆದರೆ ಊರು ನೋಡಲು ಹೋದವರು ಅವುಗಳನ್ನು ಎಷ್ಟು ಬಳಸುತ್ತಾರೆ ಎಂಬುದನ್ನು ಯೋಚಿಸಿಯೇ ಅವುಗಳಿಗೆ ಬೆಲೆ ಕಟ್ಟಬೇಕು.

ಬೆಳಗಿನ ತಿಂಡಿಯ ವಿಚಾರ ಅಷ್ಟು ಸುಲಭವಲ್ಲ. ಗೋಪುರದ ಬಫೆ ಉದ್ದಕ್ಕೆ ಹಬ್ಬಿತ್ತು, ಬಗೆಗಳಿಗೆ ಲೆಕ್ಕವಿರಲಿಲ್ಲ, ಬೇಗನೆ ತಿಂದು ಹೊರಡುವವರಿಗೆ ಅನುಕೂಲ ಎನಿಸುವಂತಿತ್ತು. ಆದರೆ ಎಲ್ಲರೂ ಹೊರಡುವ ಹೊತ್ತು ಒಂದೇ. ಕೂರಲು ಜಾಗಕ್ಕೆ ಕಾಯುವುದು, ಕಾಫಿ ಯಂತ್ರದ ಮುಂದೆ ಸಾಲು, ಮುಚ್ಚಳದ ಕೆಳಗೆ ಬಿಸಿಯಾಗಿಯೇ ಉಳಿದು ಒಣಗಿದ ಮೊಟ್ಟೆ: ಬಫೆಯ ಈ ಕಷ್ಟಗಳು ಎಲ್ಲಿ ಹೋದರೂ ಒಂದೇ. ಹಳೆಯ ಹೋಟೆಲಿನಲ್ಲಿ ಒಂದು ಪುಟದ ಪಟ್ಟಿ ಕೊಟ್ಟು, ಕೇಳಿದ್ದನ್ನು ಮಾಡಿ ತರುತ್ತಿದ್ದರು. ಬಗೆಗಳು ಕಡಿಮೆ, ಬರುವುದೂ ನಿಧಾನ. ಆದರೆ ಹಿಂದಿನ ರಾತ್ರಿಯೇ ಒಂದು ಚೀಟಿಯಲ್ಲಿ ಬೇಕಾದದ್ದನ್ನೂ ಹೊತ್ತನ್ನೂ ಬರೆದು ಬಾಗಿಲಿಗೆ ತೂಗುಹಾಕಿದರೆ, ಆ ಹೊತ್ತಿಗೆ ಸರಿಯಾಗಿ ಕೋಣೆಗೇ ತರುತ್ತಿದ್ದರು. ಇದನ್ನು ತಿಳಿದ ಮೇಲೆ ಬೆಳಗಿನ ಹೊತ್ತು ನಮ್ಮ ಕೈಯಲ್ಲೇ ಉಳಿಯಿತು.

ಎರಡು ಹೋಟೆಲುಗಳ ನಡುವಿನ ನಿಜವಾದ ಅಂತರವಿದ್ದದ್ದು ಮನುಷ್ಯರಲ್ಲಿ. ಹಳೆಯ ಹೋಟೆಲಿನ ಕಾನ್ಸಿಯರ್ಜ್, ಎಂದರೆ ಅತಿಥಿಗಳಿಗೆ ಊರಿನ ವಿಷಯದಲ್ಲಿ ನೆರವಾಗುವ ಅಧಿಕಾರಿ, ಕೋಟಿನ ಎರಡೂ ಅಂಚಿಗೆ ಅಡ್ಡಡ್ಡವಾಗಿ ಜೋಡಿಸಿದ ಚಿನ್ನದ ಬಣ್ಣದ ಕೀಲಿಗಳನ್ನು ಧರಿಸಿದ್ದರು. ಅದು ಲೆ ಕ್ಲೆ ದೋರ್ ಎಂಬ ಅಂತರರಾಷ್ಟ್ರೀಯ ಕಾನ್ಸಿಯರ್ಜ್ ಸಂಘದ ಗುರುತು, ಈ ಕೆಲಸದಲ್ಲಿ ಅನುಭವವಿದ್ದು ಸಂಘದ ಸದಸ್ಯರಾದವರು ಮಾತ್ರ ಧರಿಸುವಂಥದ್ದು. ನಾವು ನೋಡಬೇಕೆಂದಿದ್ದ ಸ್ಥಳಗಳ ಹೆಸರು ಹೇಳಿದೆವು. ಅವರು ಉತ್ತರ ಕೊಡುವ ಮೊದಲು ಪ್ರಶ್ನೆಗಳನ್ನು ಕೇಳಿದರು: ಎಷ್ಟು ನಡೆಯಬಲ್ಲಿರಿ, ಬೆಳಿಗ್ಗೆ ಬೇಗ ಏಳುವವರೋ, ಇವುಗಳಲ್ಲಿ ಯಾವುದನ್ನು ಬಿಟ್ಟರೆ ಬೇಸರವಾಗುತ್ತದೆ? ಆಮೇಲೆ ಒಂದು ನಕ್ಷೆಯ ಮೇಲೆ ಪೆನ್ಸಿಲ್ಲಿನಿಂದ ಗೆರೆ ಎಳೆದು, ವಸ್ತುಸಂಗ್ರಹಾಲಯದ ಮುಂಬಾಗಿಲಿನ ಸಾಲನ್ನು ತಪ್ಪಿಸಿ ಪಕ್ಕದ ಬಾಗಿಲಿನಿಂದ ಹೋಗುವಂತೆ ಗುರುತು ಹಾಕಿ, ಒಂದು ಸ್ಥಳವನ್ನು ಪೂರ್ತಿಯಾಗಿ ಹೊಡೆದುಹಾಕಿದರು. ಅಲ್ಲಿ ದುರಸ್ತಿ ನಡೆಯುತ್ತಿದೆ, ಹೋಗಿ ಬರುವುದು ವ್ಯರ್ಥ ಎಂದರು. ಆ ಒಂದು ಗೆರೆಯಿಂದ ನಮಗೆ ಒಂದು ಮಧ್ಯಾಹ್ನ ಉಳಿಯಿತು.

ಗೋಪುರದಲ್ಲಿ ಇದೇ ಕೆಲಸಕ್ಕೆ ಸಂದೇಶ ಕಳಿಸುವ ವ್ಯವಸ್ಥೆಯಿತ್ತು. ಉತ್ತರ ನಿಮಿಷದೊಳಗೆ ಬರುತ್ತಿತ್ತು, ಸೌಜನ್ಯಕ್ಕೆ ಕೊರತೆಯಿರಲಿಲ್ಲ. ಆದರೆ ಬಂದದ್ದು ಎಲ್ಲರಿಗೂ ಕಳಿಸುವ ಅದೇ ಪಟ್ಟಿ. ಅದರಲ್ಲಿ ದುರಸ್ತಿಗೆ ಮುಚ್ಚಿದ್ದ ಸ್ಥಳವೂ ಇತ್ತು. ಅಲ್ಲಿ ಕೆಲಸ ಮಾಡುವ ಯುವಕ ಯುವತಿಯರನ್ನು ಇದಕ್ಕೆ ದೂರುವುದು ಅನ್ಯಾಯ. ಎದುರಿಗೆ ಸಿಕ್ಕಾಗಲೆಲ್ಲ ಅವರು ನೆರವಾಗಲು ಉತ್ಸುಕರಾಗಿದ್ದರು, ಆದರೆ ಅತಿಥಿಯೂ ಅವರೂ ಎದುರಾಗುವ ಸಂದರ್ಭವನ್ನೇ ಆ ವ್ಯವಸ್ಥೆ ಕಡಿಮೆ ಮಾಡಿಬಿಟ್ಟಿತ್ತು. ಅತಿಥಿಯನ್ನು ನೋಡದೆ ಅವರ ಅಗತ್ಯವನ್ನು ಅರಿಯುವುದು ಯಾರಿಗೂ ಆಗುವ ಕೆಲಸವಲ್ಲ.

ಅರಿಯುವುದು ಎಂದರೆ ಏನೆಂಬುದಕ್ಕೆ ಒಂದು ಸಣ್ಣ ಸಂಗತಿ. ಹಳೆಯ ಹೋಟೆಲಿನ ಕೋಣೆಯಲ್ಲಿ ಮಂಚದ ಪಕ್ಕದ ಮೇಜಿನ ಮೇಲೆ ಚೆಂದದ ಗಡಿಯಾರವಿತ್ತು, ಅದರ ಟಿಕ್ ಟಿಕ್ ಸದ್ದು ಸಹಿಸಲಾಗದೆ ನನ್ನ ಪತ್ನಿ ಅದನ್ನು ಟವೆಲ್ಲಿನಲ್ಲಿ ಸುತ್ತಿ ಬೀರುವಿನ ಕೆಳಗಿನ ಖಾನೆಯಲ್ಲಿ ಇಟ್ಟಿದ್ದಳು. ನಾವು ಯಾರಿಗೂ ಹೇಳಿರಲಿಲ್ಲ. ಸಂಜೆ ಹಾಸಿಗೆ ಸಿದ್ಧಪಡಿಸಲು ಬಂದ ಹೌಸ್‌ಕೀಪಿಂಗ್‌ನವರು ಗಡಿಯಾರವನ್ನು ಮತ್ತೆ ಮೇಜಿನ ಮೇಲೆ ಇಟ್ಟಿರಬಹುದೆಂದು ನೋಡಿದರೆ, ಆ ಜಾಗದಲ್ಲಿ ಸದ್ದಿಲ್ಲದ, ಒತ್ತಿದಾಗ ಮಾತ್ರ ಬೆಳಗುವ ಚಿಕ್ಕ ಗಡಿಯಾರವೊಂದು ಇತ್ತು. ಟವೆಲ್ಲಿನ ಜಾಗಕ್ಕೆ ಹೊಸ ಟವೆಲ್ಲೂ ಬಂದಿತ್ತು. ಕೋಣೆ ಗುಡಿಸಿ ಒರೆಸುವ ಅವಸರದ ನಡುವೆ ಒಬ್ಬರು ಖಾನೆಯಲ್ಲಿ ಸುತ್ತಿಟ್ಟ ಗಡಿಯಾರವನ್ನು ಕಂಡು, ಅದು ಅಲ್ಲಿ ಏಕಿದೆಯೆಂದು ಯೋಚಿಸಿದ್ದರು. ಇಂಥದ್ದನ್ನು ಯಾವ ನಕ್ಷತ್ರಮಾನವೂ ಎಣಿಸುವುದಿಲ್ಲ, ಆದರೆ ಆ ದುಬಾರಿ ದರಕ್ಕೆ ನಾನು ನಿರೀಕ್ಷಿಸುವುದು ಇದನ್ನೇ.

ದುಡ್ಡಿನ ವಿಚಾರದಲ್ಲಿ ತಿಳಿದಿರಬೇಕಾದದ್ದು ಹೆಚ್ಚೇನಿಲ್ಲ. ಕಚೇರಿಗಳ ನಡುವಿನ ಹೋಟೆಲುಗಳಿಗೆ ವಾರದ ದಿನಗಳಲ್ಲಿ ವ್ಯವಹಾರಕ್ಕೆ ಬರುವವರೇ ಆಧಾರವಾದ್ದರಿಂದ ವಾರಾಂತ್ಯದಲ್ಲಿ ಅವುಗಳ ದರ ಇಳಿಯುವುದುಂಟು. ಪ್ರವಾಸಿಗರು ಮುಗಿಬೀಳುವ ಹಳೆಯ ನಡುಭಾಗದಲ್ಲಿ ಇದು ತಿರುವುಮುರುವಾಗಿರಬಹುದು. ತೋರಿಸಿದ ದರದಲ್ಲಿ ತೆರಿಗೆ, ಸೇವಾಶುಲ್ಕ ಸೇರಿವೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಹೊಸ ಹೋಟೆಲುಗಳಲ್ಲಿ ಕೋಣೆಯೊಳಗಿನ ಮಿನಿಬಾರಿಗೆ ಸಂವೇದಕ ಅಳವಡಿಸಿರುವುದುಂಟು, ಬಾಟಲಿಯನ್ನು ಎತ್ತಿ ಸ್ವಲ್ಪ ಹೊತ್ತು ಹೊರಗಿಟ್ಟರೂ ಬಿಲ್ಲಿಗೆ ಸೇರುತ್ತದೆ. ತಾವು ತಂದ ಔಷಧಿಯನ್ನೋ ಹಾಲನ್ನೋ ತಂಪಿಗಿಡಬೇಕಿದ್ದವರು ಅದರೊಳಗಿನದನ್ನು ಸರಿಸುವ ಬದಲು ಬೇರೆ ಫ್ರಿಜ್ ಕೇಳುವುದು ಒಳಿತು.

ಮತ್ತೆ ಅದೇ ನಗರಕ್ಕೆ ಹೋದರೆ ಎಲ್ಲಿ ಉಳಿಯುತ್ತೀರಿ ಎಂದು ಕೇಳಿದರೆ, ಹಳೆಯ ಹೋಟೆಲಿನಲ್ಲಿ ಎನ್ನುತ್ತೇನೆ. ಕೋಣೆಗೆ ಕೋಣೆ ಹೋಲಿಸಿದರೆ ಗೋಪುರದ ಕೋಣೆ ಮೇಲು ಎಂಬುದನ್ನು ಒಪ್ಪಿಕೊಂಡೇ ಹೀಗೆ ಹೇಳುತ್ತಿದ್ದೇನೆ. ಕಾರಣವಿಷ್ಟೇ: ಹಳೆಯ ಹೋಟೆಲಿನ ದೊಡ್ಡ ದೋಷವಾದ ಸದ್ದನ್ನು ಸರಿಯಾದ ಕೋಣೆ ಆರಿಸಿಕೊಂಡು ಅತಿಥಿಯೇ ನಿವಾರಿಸಿಕೊಳ್ಳಬಹುದು, ಅದೂ ಕಡಿಮೆ ದರಕ್ಕೆ. ಗೋಪುರದ ದೋಷಗಳು ಹಾಗಲ್ಲ. ತೆರೆಯದ ಕಿಟಕಿ, ಗಾಜಿನ ಸ್ನಾನದ ಗೋಡೆ, ಎರಡು ಲಿಫ್ಟುಗಳ ದಾರಿ, ಮನುಷ್ಯರನ್ನು ದೂರವಿಡುವ ವ್ಯವಸ್ಥೆ ಇವು ಎಲ್ಲ ಕೋಣೆಗೂ ಒಂದೇ. ಎಸಿಯ ಸಂವೇದಕವೊಂದನ್ನು ರಿಸೆಪ್ಷನ್ನಿಗೆ ಹೇಳಿ ರಾತ್ರಿ ನಿಲ್ಲಿಸಿಕೊಳ್ಳಬಹುದು, ನಾವೂ ಹಾಗೇ ಮಾಡಿಕೊಂಡೆವು. ಹಳೆಯ ಹೋಟೆಲಿಗೆ ಬುಕ್ ಮಾಡುವವರು ಜಾಲತಾಣದಲ್ಲಿ ಕೋಣೆಯ ದರ್ಜೆ ಆರಿಸಿ ಸುಮ್ಮನಾಗದೆ, ಹೋಗುವ ಕೆಲವು ದಿನ ಮೊದಲು ಫೋನ್ ಮಾಡಿ, ಅಂಗಳದ ಕಡೆಗಿನ, ಲಿಫ್ಟಿಗೂ ಸಿಬ್ಬಂದಿಯ ಕೆಲಸದ ಕೋಣೆಗೂ ದೂರವಾದ, ಔತಣದ ಹಾಲಿನ ಮೇಲಿಲ್ಲದ ಕೋಣೆ ಬೇಕೆಂದು ಕೇಳಬೇಕು. ಮೇಲ್ದರ್ಜೆಯ ಕೋಣೆ ಉಚಿತವಾಗಿ ಕೊಡುತ್ತೇವೆಂದರೂ ಅದು ಯಾವ ಕಡೆಗಿದೆ ಎಂದು ವಿಚಾರಿಸಿಯೇ ಒಪ್ಪಬೇಕು.

ಗೋಪುರವನ್ನೇ ಆರಿಸಬೇಕಾದವರೂ ಇದ್ದಾರೆ. ರಾತ್ರಿ ತಡವಾಗಿ ಬಂದು ನಸುಕಿಗೆ ಹೊರಡುವವರಿಗೆ, ಸಣ್ಣ ಸದ್ದಿಗೂ ಎಚ್ಚರವಾಗುವವರಿಗೆ ಅದೇ ಸರಿ. ಗಾಲಿಕುರ್ಚಿ ಬಳಸುವವರಿಗೆ, ಮೊಣಕಾಲಿನ ನೋವಿರುವ ಹಿರಿಯರಿಗೆ ಹೆಚ್ಚಿನ ಮಾತೇ ಬೇಕಿಲ್ಲ: ಗೋಪುರದಲ್ಲಿ ಬೀದಿಯಿಂದ ಹಾಸಿಗೆಯವರೆಗೆ ಒಂದು ಮೆಟ್ಟಿಲೂ ಎದುರಾಗುವುದಿಲ್ಲ, ಸ್ನಾನದ ಜಾಗದ ನೆಲವೂ ಸಮತಟ್ಟು, ಹಿಡಿದುಕೊಳ್ಳಲು ಕಂಬಿಗಳಿವೆ. ಹಳೆಯ ಹೋಟೆಲಿನಲ್ಲಿ ಮುಂಬಾಗಿಲಿಗೇ ಮೆಟ್ಟಿಲುಗಳು, ಪಕ್ಕದ ಇಳಿಜಾರು ದಾರಿ ಅಡುಗೆಮನೆಯ ಹಿಂಭಾಗದಿಂದ ಸುತ್ತಿಕೊಂಡು ಬರುವಂಥದ್ದು, ನಾನು ಹೊಗಳಿದ ಆ ಆಳವಾದ ತೊಟ್ಟಿಯ ಅಂಚು ಮೊಣಕಾಲಿಗಿಂತ ಎತ್ತರ. ಹಿರಿಯರನ್ನು ಜೊತೆಗೆ ಕರೆದುಕೊಂಡು ಹೋಗುವುದಾದರೆ ನಾನೂ ಗೋಪುರದಲ್ಲೇ ಕೋಣೆ ಹಿಡಿಯುತ್ತೇನೆ.